ಎರಡು ಹಸಿರು ಚುಕ್ಕೆ — ಕಂತು ಹನ್ನೊಂದು

"ಮುಟ್ಟಬೇಡಿ ಅಂದೆನಲ್ಲ! ಕಣ್ಣಲ್ಲಿ ನೋಡಿ, ಕೈಯಲ್ಲಿ ಅಲ್ಲ," ಎಂದು ಆಸ್ಪತ್ರೆಯ ದಾಸ್ತಾನು ಕೋಣೆಯ ಗುಮಾಸ್ತ ಗುರುಗುಟ್ಟಿದ.

ಕೊಕ್ಕೆ ಅಕ್ಕ ಆಗಲೇ ಮುಟ್ಟಿಯಾಗಿತ್ತು. ಮುಟ್ಟಿದ್ದಷ್ಟೇ ಅಲ್ಲ, ಕಪಾಟಿನ ತಳದಲ್ಲಿದ್ದ ರಿಜಿಸ್ಟರುಗಳ ರಾಶಿಯಿಂದ ಒಂದು ಉದ್ದನೆಯ ಪುಸ್ತಕವನ್ನು ಎಳೆದು, ಸೆರಗಿನಿಂದ ಧೂಳು ಒರೆಸಿ, ಮೇಜಿನ ಮೇಲೆ ಬಿಚ್ಚಿಟ್ಟೂ ಆಗಿತ್ತು.

"ನಿಯಮ ಇದೆ ಇಲ್ಲಿ. ನಿಮ್ಮ ಫೋನ್ ಬಾಗಿಲಲ್ಲಿ ಇಸ್ಕೊಂಡಿದ್ದು ಯಾಕೆ? ಒಂದು ಹಾಳೇನೂ ಆಚೆ ಹೋಗಬಾರದು ಅಂತ," ಎಂದ ಗುಮಾಸ್ತ.

"ಹಾಳೆ ಆಚೆ ಹೋಗಲ್ಲಪ್ಪ. ಸತ್ಯ ಹೋದರೆ ನಿನ್ನ ನಿಯಮದಲ್ಲಿ ತಪ್ಪಿದೆಯಾ?"

ಗುಮಾಸ್ತ ಬೀಗದ ಗೊಂಚಲನ್ನು ಜೋರಾಗಿ ಅಲ್ಲಾಡಿಸಿ ತನ್ನ ಕೋಪವನ್ನು ಅದರ ಮೇಲೆ ತೀರಿಸಿಕೊಂಡ.

ಕೊಕ್ಕೆ ಅಕ್ಕನ ಕಸುಬು ಚಿತ್ರ ನೋಡುವುದು. ಜೀವಕೋಶಗಳ ಕಾಯಿಲೆಯ ಬಗ್ಗೆ ಲೇಖನ ಅಚ್ಚು ಹಾಕುವ ಜರ್ನಲ್ ಒಂದರಲ್ಲಿ ಹನ್ನೊಂದು ವರ್ಷದಿಂದ ಅದೇ ಕೆಲಸ. ಡಾಕ್ಟರುಗಳು ಕಳಿಸುವ ಚಿತ್ರಗಳಲ್ಲಿ ಯಾವುದು ಕದ್ದದ್ದು, ಯಾವುದು ತಿರುಗಿಸಿ ಎರಡು ಕಡೆ ಅಂಟಿಸಿದ್ದು ಎಂದು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಎಂಥ ಘನವಂತರ ಲೇಖನ ಬಂದರೂ ಒಂದು ಕೊಕ್ಕೆ ಹಾಕದೆ ಬಿಡುವವಳಲ್ಲವಾದ್ದರಿಂದ ಆ ಹೆಸರು. ಆದರೆ ಇವತ್ತು ಅವಳು ಬಂದಿದ್ದು ಜರ್ನಲ್ಲಿನ ಪರವಾಗಿ ಅಲ್ಲ, ಎರಡು ವರ್ಷದಿಂದ ತನ್ನ ಮುಖ ನೋಡದ ನಾದಿನಿಯ ಪರವಾಗಿ.

ನಾದಿನಿಗೆ ಈ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಿಗಳ ಜೀವಕೋಶ ಹಚ್ಚಿದ ಗಾಜಿನ ಸ್ಲೈಡು ನೋಡುವ ಕೆಲಸ. ನಾಳೆ ಬೆಳಿಗ್ಗೆ ಹತ್ತಕ್ಕೆ ಅವಳ ವಿಚಾರಣೆ. ಎರಡು ವರ್ಷದ ಹಿಂದೆ ಒಬ್ಬ ಶಾಲಾ ಟೀಚರಿನ ಸ್ಲೈಡಿನಲ್ಲಿ ಕ್ಯಾನ್ಸರ್ ಇದ್ದರೂ ಕಾಣದೆ ಬಿಟ್ಟಳು, ಆ ಟೀಚರು ಸತ್ತೇ ಹೋದಳು ಎಂಬುದು ಆಪಾದನೆ. ಸಾಬೀತಾದರೆ ಕೆಲಸ ಹೋಗುತ್ತದೆ, ಪರವಾನಗಿ ಹೋಗುತ್ತದೆ, ಆಮೇಲೆ ಪೊಲೀಸರ ಸರದಿ. ತಾನು ಬಿಟ್ಟಿಲ್ಲ ಎಂದು ನಾದಿನಿ ಹೇಳುತ್ತಾಳೆ. ಹೌದೋ ಅಲ್ಲವೋ ಎಂದು ತೋರಿಸಬೇಕಾದ ೨೧೧೭ನೇ ನಂಬರಿನ ಸ್ಲೈಡು ಮಾತ್ರ ಆಸ್ಪತ್ರೆಯಿಂದ ಕಾಣೆಯಾಗಿದೆ.

"ನನ್ನ ಅನುಮಾನದ ಪುಸ್ತಕ ಹುಡುಕಲಿ, ಅವರ ಕೈಲಾದರೆ," ಎಂದು ನಾದಿನಿ ಅಣ್ಣನ ಬಾಯಲ್ಲಿ ಹೇಳಿ ಕಳಿಸಿದ್ದಳು. ನೇರವಾಗಿ ಅತ್ತಿಗೆಗೆ ಹೇಳಿದರೆ ನಾಲಿಗೆ ಸವೆಯುತ್ತಿತ್ತೇನೋ.

ಅನುಮಾನದ ಪುಸ್ತಕ ಈ ಪ್ರಯೋಗಾಲಯದ ಹಳೆಯ ಪದ್ಧತಿ. ಇಲ್ಲಿ ಮೊದಲು ಕೆಲಸ ಕಲಿಸಿದ ಮೇಷ್ಟ್ರು ಮಾಡಿದ ಕಟ್ಟುಪಾಡು. ಮೈಕ್ರೋಸ್ಕೋಪಿನಲ್ಲಿ ಅನುಮಾನದ ಜೀವಕೋಶ ಕಂಡರೆ, ಅದನ್ನು ಮೇಲಿನವರಿಗೆ ಕಳಿಸುವ ಮೊದಲು ಕಂಡದ್ದನ್ನು ಕಂಡಂತೆಯೇ ಕೈಯಲ್ಲಿ ಬಿಡಿಸಿ, ಸ್ಲೈಡಿನ ನಂಬರು, ತಾರೀಕು ಬರೆಯಬೇಕು. ಪ್ರತಿ ಶನಿವಾರ ಪುಟದ ತಳಕ್ಕೆ ದಾಸ್ತಾನು ಕೋಣೆಯ ಮೊಹರು ಬೀಳಬೇಕು. ಮೇಷ್ಟ್ರು ಹೋದರು, ಪದ್ಧತಿಯೂ ಹೋಯಿತು. ನಾದಿನಿಯೊಬ್ಬಳು ಮಾತ್ರ ಉಳಿದವರು ನಕ್ಕರೂ ಬಿಡಿಸುತ್ತಿದ್ದಳು, ಶನಿವಾರದ ಮೊಹರನ್ನೂ ತಪ್ಪದೆ ಹಾಕಿಸುತ್ತಿದ್ದಳು.

ಕೊಕ್ಕೆ ಅಕ್ಕ ಮೇಜಿನ ಮೇಲಿದ್ದ ಆ ಪುಸ್ತಕದ ಹಾಳೆ ತಿರುವಿದಳು. ೨೧೧೭ ಸಿಕ್ಕಿತು. ತಾರೀಕು ಇತ್ತು, ಮೊಹರು ಇತ್ತು. ಪೆನ್ಸಿಲ್ಲಿನಲ್ಲಿ ಬಿಡಿಸಿದ ಏಳು ಜೀವಕೋಶಗಳ ಗುಂಪು. ಏಳರ ಹೊಟ್ಟೆಯೂ ಕಪ್ಪಾಗಿ ಉಬ್ಬಿಕೊಂಡಿತ್ತು. ಪಕ್ಕದಲ್ಲಿ ಒಂದು ಹತ್ತಿಯ ಎಳೆ, ಎರಡು ಸುತ್ತು ಸುತ್ತಿ ತುದಿಯಲ್ಲಿ ಸೀಳಿದ್ದು. ಕಸವನ್ನೂ ಬಿಡದೆ ಬಿಡಿಸುವುದು ನಾದಿನಿಯ ಜಾಯಮಾನ. ಮನೆಯಲ್ಲೂ ಹಾಗೆಯೇ, ಯಾರು ಯಾವತ್ತು ಏನಂದರು ಎಂಬುದರಲ್ಲಿ ಒಂದು ಅಕ್ಷರ ಮರೆಯುವವಳಲ್ಲ. ಗುಂಪಿನ ಎಡಕ್ಕೊಂದು ಬಲಕ್ಕೊಂದು ಹಸಿರು ಚುಕ್ಕೆ.

"ಈ ಚುಕ್ಕೆ ಏನಪ್ಪ?"

"ಅಷ್ಟೂ ಗೊತ್ತಿಲ್ವಾ? ಕೆಳಗಿನ ಕೋಣೆಯೋರು ಅನುಮಾನದ ಕೋಶ ಕಂಡ ಕಡೆ ಗಾಜಿನ ಮೇಲೆ ಇಂಕಿನ ಚುಕ್ಕೆ ಇಟ್ಟು ಮೇಲಕ್ಕೆ ಕಳಿಸ್ತಾರೆ. ಒಬ್ಬೊಬ್ಬರದ್ದು ಒಂದೊಂದು ಬಣ್ಣ. ಹಸಿರು ನಿಮ್ಮ ನಾದಿನಿದು. ಕೋಶ ಮುಚ್ಚಿಹೋಗಬಾರದು ಅಂತ ಎರಡೂ ಕಡೆ ಇಡೋರು ಅವರೊಬ್ಬರೇ. ಮೇಲಿನೋರು ನೋಡಿ ಹೌದು ಅಂತ ಒಪ್ಪಿದ್ರೆ ಕೆಂಪು ಗುರುತು ಹಾಕ್ತಾರೆ. ಕೆಂಪು ದೊಡ್ಡ ಡಾಕ್ಟ್ರ ಕುರ್ಚಿಗೆ ಮಾತ್ರ."

"ಡಾಕ್ಟ್ರಿಗೋ, ಕುರ್ಚಿಗೋ?"

"ಕುರ್ಚಿಗೆ. ಅವತ್ತು ಅದರಲ್ಲಿ ಯಾರು ಕೂತಿರ್ತಾರೋ ಅವರಿಗೆ." ಅಷ್ಟು ಹೇಳಿದ್ದೇ ಹೆಚ್ಚಾಯಿತು ಎಂಬಂತೆ ಅವನು ಮುಖ ತಿರುಗಿಸಿದ.

ಕೊಕ್ಕೆ ಅಕ್ಕ ಕೈಚೀಲದಿಂದ ತನ್ನ ಜರ್ನಲ್ಲಿನ ಹಳೆಯ ಸಂಚಿಕೆ ತೆಗೆದಳು. ಈ ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಪ್ರಖ್ಯಾತ ಲೇಖನ ಅದರಲ್ಲಿತ್ತು. ಸ್ಲೈಡು ಓದುವ ಯಂತ್ರ ನಾಲ್ಕು ಸಾವಿರ ಸ್ಲೈಡಿನಲ್ಲಿ ಒಂದನ್ನೂ ತಪ್ಪಿಸಲಿಲ್ಲ, ಮನುಷ್ಯರ ಕಣ್ಣು ತಪ್ಪಿಸಿತು ಎಂಬುದು ಅದರ ಸಾರ. ಮೂರನೇ ಚಿತ್ರದ ಕೆಳಗೆ ಹೀಗಿತ್ತು: 'ಅನುಭವಿ ಕಣ್ಣಿಗೆ ತಪ್ಪಿದ, ಯಂತ್ರಕ್ಕೆ ಸಿಕ್ಕ ಕೋಶಗಳು.'

ಎಣಿಸಿದಳು. ಏಳು ಕೋಶ. ಪಕ್ಕದಲ್ಲಿ ಹತ್ತಿಯ ಎಳೆ. ಎರಡು ಸುತ್ತು, ಸೀಳಿದ ತುದಿ.

ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆ ನೋಡಿದಳು. ಎರಡು ಸ್ಲೈಡಿನ ಕೋಶಗಳು ಒಂದರಂತೆ ಒಂದು ಕಂಡಾವು. ಆದರೆ ಗಾಳಿಯಲ್ಲಿ ಹಾರಿಬಂದು ಬಿದ್ದ ಹತ್ತಿ ಎಳೆ ಇನ್ನೊಂದು ಕಡೆ ಅದೇ ರೀತಿ ಸುತ್ತಿಕೊಂಡು ಬೀಳುವುದಿಲ್ಲ. ಕಣ್ಣಿಗೆ ತಪ್ಪಿತು ಎಂದು ಲೋಕಕ್ಕೆಲ್ಲ ಸಾರಿದ ಚಿತ್ರ, ನಾದಿನಿ ಕಂಡು, ಬಿಡಿಸಿ, ಚುಕ್ಕೆಯಿಟ್ಟು ಮೇಲೆ ಕಳಿಸಿದ ಅದೇ ಸ್ಲೈಡಿನದು. ಒಂದೇ ವ್ಯತ್ಯಾಸ. ಅಚ್ಚಾದ ಚಿತ್ರದಲ್ಲಿ ಹಸಿರು ಚುಕ್ಕೆ ಇರಲಿಲ್ಲ.

"ಸಿಕ್ತಾ ಅಕ್ಕ?"

ಬಾಗಿಲಲ್ಲಿ ಬೆಣ್ಣೆ ಡಾಕ್ಟರಮ್ಮ ನಿಂತಿದ್ದಳು. ದೊಡ್ಡ ಡಾಕ್ಟರ ನಂತರ ಇಲ್ಲಿ ಎರಡನೆಯ ಸ್ಥಾನ ಅವಳದು; ನಾಳೆಯ ವಿಚಾರಣೆಗೆ ಅಧ್ಯಕ್ಷೆಯೂ ಅವಳೇ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾಳೆಂದು ಕೆಳಗಿನ ಕೋಣೆಯವರು ಇಟ್ಟ ಹೆಸರು. ಈ ಕಟ್ಟಡದಲ್ಲಿ ಕೊಕ್ಕೆ ಅಕ್ಕನಿಗೆ ಒಂದು ಲೋಟ ನೀರು ಕೊಟ್ಟವಳು ಅವಳೊಬ್ಬಳೇ. ದಾಸ್ತಾನು ಕೋಣೆಗೆ ಬಿಡಲು ಚೀಟಿ ಬರೆದುಕೊಟ್ಟವಳೂ ಅವಳೇ.

ಚಿತ್ರವನ್ನೂ ಪುಸ್ತಕವನ್ನೂ ಅವಳು ಬಹಳ ಹೊತ್ತು ನೋಡಿದಳು.

"ಅಯ್ಯೋ ದೇವರೇ," ಎಂದಳು ಮೆಲ್ಲಗೆ. "ಅಕ್ಕ, ಇದು ಇಲ್ಲೇ ಇದ್ರೆ ಬೆಳಿಗ್ಗೆ ಹೊತ್ತಿಗೆ ಇರಲ್ಲ. ನಿಮಗೆ ಕೊಡೋ ಹಾಗೂ ಇಲ್ಲ. ನನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ. ನಾಳೆ ಎಲ್ಲರ ಎದುರು ನಾನೇ ತೆಗೀತೀನಿ. ರಸೀತಿ ಬರ್ಕೊಡ್ಲಾ?"

"ಬರ್ಕೊಡಿ."

'ಅನುಮಾನದ ಪುಸ್ತಕ ಒಂದು, ಸುರಕ್ಷಿತವಾಗಿಡಲು ಪಡೆದಿದ್ದೇನೆ' ಎಂದು ಬರೆದು, ಸಹಿ ಹಾಕಿ, ಸಹಿಯ ಬಾಲಕ್ಕೆ ಪುಟ್ಟದೊಂದು ಸೊನ್ನೆ ಸುತ್ತಿ ಕೊಟ್ಟಳು. ಕೊಕ್ಕೆ ಅಕ್ಕ ರಸೀತಿಯನ್ನು ಮಡಿಸಿ ಪರ್ಸಿಗೆ ಸೇರಿಸಿದಳು. ಮೂರು ವಾರದ ಹಿಂದೆ ನಾದಿನಿ ಅಮಾನತ್ತಾದ ಮೇಲೆ ಮೊದಲ ಬಾರಿಗೆ ಅವಳಿಗೆ ನೆಮ್ಮದಿಯಾಯಿತು.

"ದೊಡ್ಡ ಡಾಕ್ಟ್ರು ರೂಮಲ್ಲಿದಾರಾ?"

"ಇದಾರೆ. ಜೋಪಾನ ಅಕ್ಕ. ಇವತ್ತು ಅವರ ಮೂಡ್ ಸರಿಯಿಲ್ಲ."

"ನಂದೂ ಸರಿಯಿಲ್ಲ," ಎಂದು ಕೊಕ್ಕೆ ಅಕ್ಕ ಮೆಟ್ಟಿಲೇರಿದಳು.

*

ದೊಡ್ಡ ಡಾಕ್ಟರ ಕೋಣೆಯ ಗೋಡೆಯಲ್ಲಿ ಒಂದು ಮೊಳೆ ಹೊಡೆಯುವಷ್ಟೂ ಜಾಗ ಉಳಿದಿರಲಿಲ್ಲ. ಎಲ್ಲಿ ನೋಡಿದರೂ ಕಟ್ಟು ಹಾಕಿದ ಲೇಖನಗಳ ಮೊದಲ ಪುಟ, ಸಮ್ಮೇಳನಗಳ ಪ್ರಮಾಣಪತ್ರ. ನಡುವೆ ಒಂದು ದೊಡ್ಡ ನಕ್ಷೆ. ಅವರ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂದು ವರ್ಷವರ್ಷಕ್ಕೂ ಏರುವ ಗೆರೆ. ಯಂತ್ರದ ಲೇಖನವೊಂದಕ್ಕೇ ನಾನ್ನೂರ ಹನ್ನೆರಡು. ಆ ಗೆರೆ ಹತ್ತಿಯೇ ಅವರು ಮುಂದಿನ ತಿಂಗಳು ಇಡೀ ಸಂಸ್ಥೆಯ ನಿರ್ದೇಶಕರಾಗುವವರಿದ್ದರು.

"ಕೂತ್ಕೊಳ್ಳಿ ಅಂತ ಹೇಳಲ್ಲ. ಎರಡು ನಿಮಿಷ ಇದೆ ನಿಮಗೆ," ಎಂದರು.

"ನಿಂತೇ ಇರ್ತೀನಿ. ಕೂತರೆ ನನಗೆ ಪ್ರಶ್ನೆ ಹೊಳೆಯಲ್ಲ." ಕೊಕ್ಕೆ ಅಕ್ಕ ಸಂಚಿಕೆಯನ್ನು ಅವರ ಮುಂದೆ ಬಿಚ್ಚಿಟ್ಟಳು. "ಮೂರನೇ ಚಿತ್ರ. ಯಾರ ಸ್ಲೈಡು ಡಾಕ್ಟ್ರೇ?"

"ರೋಗಿಗಳ ಹೆಸರು ನಾವು ಹೇಳಲ್ಲ."

"ಹೆಸರು ಬೇಡ. ನಂಬರು ನಾನೇ ಹೇಳ್ತೀನಿ. ೨೧೧೭."

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ಲೇಖನದಲ್ಲಿ ಯಂತ್ರ ಕ್ಯಾನ್ಸರ್ ಹಿಡೀತು ಅಂತ ಬರೆದಿದೀರಿ. ಅದೇ ಸ್ಲೈಡಿಗೆ ಆ ಟೀಚರಿಗೆ ಏನೂ ಇಲ್ಲ ಅಂತ ರಿಪೋರ್ಟು ಹೋಗಿದೆ," ಎಂದಳು ಕೊಕ್ಕೆ ಅಕ್ಕ. "ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ನೀವೇ ಹೇಳಿ, ಬರ್ಕೋತೀನಿ."

"ನಿಮಗೆ ಈ ಶಾಸ್ತ್ರದ ಗಂಧಗಾಳಿ ಇದೆಯಾ?" ಡಾಕ್ಟರ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚುವಂತಿತ್ತು. "ಹದಿನೈದು ವರ್ಷದ ಹಿಂದೆ ಎಲ್ಲರೂ ಸೂಜಿಯಲ್ಲಿ ಕೋಶ ತೆಗೆಯೋ ಪರೀಕ್ಷೆ ಬಗ್ಗೆ ಬರೀತಿದ್ರು. ಆಮೇಲೆ ಬಣ್ಣ ಹಾಕೋ ವಿಧಾನ ಅಂದ್ರು. ಈಗ ಯಂತ್ರ. ಯಾವಾಗ ಏನು ಬರೀಬೇಕು ಅಂತ ಗೊತ್ತಿರೋನ ಲೇಖನವನ್ನ ಜನ ಓದ್ತಾರೆ. ನನ್ನ ಲೇಖನ ನೋಡಿ ಎಷ್ಟು ಆಸ್ಪತ್ರೆಯೋರು ಯಂತ್ರ ತರಿಸಿದ್ರು ಗೊತ್ತಾ?"

"ಗೊತ್ತು. ಎಷ್ಟು ಹೆಂಗಸರನ್ನ ಮೈಕ್ರೋಸ್ಕೋಪಿನ ಮುಂದಿಂದ ಎಬ್ಬಿಸಿ ಮನೆಗೆ ಕಳಿಸಿದ್ರು ಅಂತಲೂ ಗೊತ್ತು. ಗಾಳಿ ಬಂದಾಗ ತೂರಿಕೋ ಅಂತಾರೆ, ಸರಿ. ನೀವು ತೂರಿದ ರಭಸಕ್ಕೆ ಹೊಟ್ಟಿನ ಜೊತೆ ಕಾಳೂ ಹಾರಿಹೋಯ್ತು ಡಾಕ್ಟ್ರೇ. ಆ ಟೀಚರಿಗೆ ಮೂವತ್ತೆಂಟು ವರ್ಷ."

"ನಾಲಿಗೆ ಹಿಡಿದು ಮಾತಾಡಿ!"

"ಹಿಡಿದೇ ಇದೀನಿ. ಬಿಟ್ಟಿದ್ರೆ ನೀವು ಈ ಕಡೆಯ ಬಾಗಿಲಿಂದ ಓಡಿಹೋಗಿರ್ತಿದ್ರಿ."

ಡಾಕ್ಟರು ಎದ್ದು ನಿಂತರು. ಇಬ್ಬರ ನಡುವೆ ಮೇಜೊಂದು ಇದ್ದದ್ದು ಒಳ್ಳೆಯದೇ ಆಯಿತು.

"ಕೇಳಿ," ಎಂದರು. "ಲೇಖನ ಬರೆಯೋನು ನಾನು. ಚಿತ್ರ ಆರಿಸಿ ಅಂಟಿಸೋದು ನನ್ನ ಕೆಲಸ ಅಲ್ಲ, ಅದಕ್ಕೆ ಬೇರೆಯೋರಿದಾರೆ. ಇನ್ನು ನೀವು ಹೇಳೋ ಸ್ಲೈಡು. ಅದು ಬಂದ ಹದಿನೈದು ದಿನ ನಾನು ಈ ದೇಶದಲ್ಲೇ ಇರಲಿಲ್ಲ. ಅಗೋ, ಗೋಡೆ ಮೇಲಿದೆ, ಓದ್ಕೊಳ್ಳಿ."

ಓದಿದಳು. ಪರದೇಶದ ಸಮ್ಮೇಳನವೊಂದರ ಪ್ರಮಾಣಪತ್ರ. ಅನುಮಾನದ ಪುಸ್ತಕದಲ್ಲಿದ್ದ ತಾರೀಕು ಆ ಹದಿನೈದು ದಿನದ ನಟ್ಟನಡುವೆ ಬಿದ್ದಿತ್ತು.

"ರಿಪೋರ್ಟಿನ ಕೆಳಗೆ ನಿಮ್ಮ ಹೆಸರಿದೆಯಲ್ಲ?"

"ಎಲ್ಲ ರಿಪೋರ್ಟಿನ ಕೆಳಗೂ ನನ್ನ ಹೆಸರು ಅಚ್ಚಾಗಿಯೇ ಬರುತ್ತೆ. ನಾನಿರಲಿ, ಇಲ್ಲದೆ ಇರಲಿ. ಸ್ಲೈಡು ನೋಡಿದ್ದು ನಿಮ್ಮ ನಾದಿನಿ. ನೋಡಿದಳು, ಬಿಟ್ಟಳು. ಅಷ್ಟೇ ಕಥೆ."

"ಬಿಟ್ಟಿಲ್ಲ. ಎರಡು ಹಸಿರು ಚುಕ್ಕೆ ಇಟ್ಟು ಮೇಲೆ ಕಳಿಸಿದಾಳೆ."

ಆಗ ದೊಡ್ಡ ಡಾಕ್ಟರು ನಕ್ಕರು. ಕೊಕ್ಕೆ ಅಕ್ಕನಿಗೆ ಆ ನಗು ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಬೀರು ತೆಗೆದು, ಒಂದು ಫೈಲು ಹುಡುಕಿ, ಅದರಿಂದ ಒಂದೇ ಒಂದು ಹಾಳೆ ಎಳೆದು, ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದರು.

"ಜೋರಾಗಿ ಓದಿ. ನಿಮ್ಮ ಜರ್ನಲ್ಲಿಂದಲೇ ಬಂದಿದ್ದು."

'ಮೂರನೇ ಚಿತ್ರದ ಎಡ ಬಲ ಅಂಚುಗಳಲ್ಲಿ ಹಸಿರು ಬಣ್ಣದ ಕೊಳೆ ಕಾಣುತ್ತಿದೆ. ಅಚ್ಚಿನಲ್ಲಿ ಅಂದಗೆಡುತ್ತದೆ. ದಯವಿಟ್ಟು ಆ ಅಂಚುಗಳನ್ನು ಕತ್ತರಿಸಿ ಮತ್ತೆ ಕಳುಹಿಸಿ. ಹಳೆಯ ಚಿತ್ರವನ್ನು ನಮ್ಮ ಕಡತದಿಂದ ತೆಗೆದುಹಾಕಲಾಗಿದೆ.'

ಕೆಳಗೆ ಸಹಿ. ಅವಳದೇ ಸಹಿ.

ಕೊಕ್ಕೆ ಅಕ್ಕ ಆ ಸಹಿಯನ್ನು ಎರಡು ಸಲ ನೋಡಿದಳು. ಬರೆದದ್ದು ನೆನಪೇ ಇರಲಿಲ್ಲ. ದಿನಕ್ಕೆ ಇಪ್ಪತ್ತು ಪತ್ರ ಬರೆಯುವವಳಿಗೆ ಒಂದು ಚಿತ್ರದ ಅಂಚಿನ ಕೊಳೆ ಎಲ್ಲಿ ನೆನಪಿರಬೇಕು? ಹನ್ನೊಂದು ವರ್ಷ ಚಿತ್ರದ ಪಕ್ಕ ಚಿತ್ರ ಇಟ್ಟು ನೋಡಿದಳೇ ಹೊರತು, ಆ ಚಿತ್ರ ಹುಟ್ಟುವ ಕೋಣೆಗೆ ಒಂದು ದಿನ ಇಳಿದು ಬಂದವಳಲ್ಲ. ಗಾಜಿನ ಮೇಲೆ ಇಂಕಿನ ಚುಕ್ಕೆ ಇಡುತ್ತಾರೆಂಬುದು ಈ ಗುಮಾಸ್ತನಿಗೆ ಗೊತ್ತು, ನೆಲ ಒರೆಸುವವರಿಗೂ ಗೊತ್ತು. ಅವಳಿಗೆ ಗೊತ್ತಾದದ್ದು ಇವತ್ತು, ಅರ್ಧ ಗಂಟೆಯ ಹಿಂದೆ. ಅದೇ ಕೆಲಸ ಮಾಡುವ ನಾದಿನಿ ಮನೆಯವಳೇ. ನೀನು ಏನು ಮಾಡುತ್ತೀ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಮೈಯೆಲ್ಲ ಉರಿಯುವಷ್ಟು ನಾಚಿಕೆ.

"ನಾಳೆ ನೀವು ಚಿತ್ರ ತೋರಿಸಿ. ನಾನು ಪತ್ರ ತೋರಿಸ್ತೀನಿ," ಎಂದರು ಡಾಕ್ಟರು. "ಗುರುತು ಕತ್ತರಿಸಿದ್ದು ಅತ್ತಿಗೆ, ಈಗ ಗುರುತಿತ್ತು ಅಂತ ಅಳ್ತಿರೋಳೂ ಅತ್ತಿಗೆ. ಯಾರು ನಂಬ್ತಾರೆ? ನಾದಿನಿ ಕೆಲಸದ ಜೊತೆ ನಿಮ್ಮ ಕೆಲಸವೂ ಹೋಗುತ್ತೆ. ಸುಮ್ಮನೆ ಮನೆಗೆ ಹೋಗಿ."

ಕೊಕ್ಕೆ ಅಕ್ಕ ಪತ್ರವನ್ನು ಅವರ ಕಡೆಗೇ ತಳ್ಳಿದಳು. ಅಂದಳು: "ಚಿತ್ರದಲ್ಲಿ ಇಲ್ಲದಿದ್ರೆ ಬೇಡ. ಪುಸ್ತಕದಲ್ಲಿದೆ. ಅನುಮಾನದ ಪುಸ್ತಕದಲ್ಲಿ, ಮೊಹರಿನ ಸಮೇತ."

"ಯಾವ ಪುಸ್ತಕ?"

ಆ ಪ್ರಶ್ನೆಯಲ್ಲಿ ನಾಟಕವಿರಲಿಲ್ಲ. ಹುಬ್ಬು ನಿಜವಾಗಿಯೂ ಗಂಟಿಕ್ಕಿತ್ತು.

"ಆ ಹಳೇ ಪುಸ್ತಕ ಎಲ್ಲಾ ರದ್ದಿಗೆ ಹಾಕಿಸಿಯಾಯ್ತು ಅಂತ ನನಗೆ ಬರೆದುಕೊಟ್ಟಿದಾರೆ," ಎಂದರು ತಮಗೆ ತಾವೇ ಹೇಳಿಕೊಳ್ಳುವಂತೆ. ಮರುಗಳಿಗೆ ದನಿ ಗಟ್ಟಿಯಾಯಿತು. "ನಿಮ್ಮ ಎರಡು ನಿಮಿಷ ಮುಗೀತು. ಹೊರಡಿ."

ಬರೆದುಕೊಟ್ಟವರು ಯಾರು ಎಂದು ಕೇಳಬೇಕಿತ್ತು. ಯಾವಾಗಲೂ ಕೇಳುವವಳೇ. ಆದರೆ ಅವಳ ತಲೆಯ ತುಂಬ ಆ ಪತ್ರವೇ ತುಂಬಿಕೊಂಡಿತ್ತು. ಕೇಳದೆ ಹೊರಟಳು.

*

ಆಸ್ಪತ್ರೆಯ ಗೇಟಿನ ಎದುರು, ರಸ್ತೆಯಾಚೆ, ಬಸ್ಸಿಗೆ ಕಾಯುವ ಕಲ್ಲುಬೆಂಚಿನ ಮೇಲೆ ನಾದಿನಿ ಕೂತಿದ್ದಳು. ಅಮಾನತ್ತಾದ ಮೇಲೆ ಅವಳಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಸಂಜೆಯ ಬಿಸಿಲು ನೇರ ಮುಖಕ್ಕೇ ಬೀಳುತ್ತಿದ್ದರೂ ಜರುಗಿರಲಿಲ್ಲ. ಅತ್ತಿಗೆ ಪಕ್ಕದಲ್ಲಿ ಕೂತಾಗ ಮಾತ್ರ ಒಂದು ಗೇಣು ಜರುಗಿದಳು.

"ಪುಸ್ತಕ ಸಿಕ್ತಾ ಅಂತ ಅಣ್ಣ ಕೇಳ್ತಿದ್ದ," ಎಂದಳು, ರಸ್ತೆಯನ್ನು ನೋಡುತ್ತ.

"ಸಿಕ್ತು ಅಂತ ಅಣ್ಣನಿಗೆ ಹೇಳು." ಕೊಕ್ಕೆ ಅಕ್ಕ ಅಲ್ಲಿಗೆ ಸುಮ್ಮನಿದ್ದುಬಿಡಬಹುದಿತ್ತು, ಬಿಡಲಿಲ್ಲ. "ಇನ್ನೊಂದು ವಿಷಯ ಇದೆ. ಅದನ್ನ ನಿನಗೇ ಹೇಳಬೇಕು. ನಿನ್ನ ಚುಕ್ಕೇನ ಕೊಳೆ ಅಂತ ಕತ್ತರಿಸಿದ್ದು ನಾನೇ. ಪತ್ರದಲ್ಲಿ ನನ್ನ ಸಹಿ ಇದೆ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಎರಡು ವರ್ಷದಿಂದ. ಆ ಪತ್ರ ಬಂದ ದಿನ ಮೇಲೆ ಎಲ್ಲರೂ ಓದಿ ಓದಿ ನಕ್ಕರು. ನಿಮ್ಮ ಅತ್ತಿಗೆಗೆ ನಿಮ್ಮ ಕೆಲಸ ಅಂದ್ರೆ ಕೊಳೆಯಂತೆ ಅಂದ್ರು. ನಾನು ನಿಮ್ಮನೇಲಿ ಯಾಕೆ ಒಂದು ಲೋಟ ನೀರೂ ಮುಟ್ಟಲ್ಲ ಅಂತ ಈಗ ಗೊತ್ತಾಯ್ತಾ?"

"ನಾನು ಅತ್ತೆಯ ಬೀರು ನಿನಗೆ ಕೊಡಲಿಲ್ಲ ಅಂತ ಮುನಿಸು ಅಂದ್ಕೊಂಡಿದ್ದೆ."

"ಬೀರು!" ನಾದಿನಿ ಈಗ ಪೂರ್ತಿ ತಿರುಗಿದಳು. ಕಣ್ಣು ಕೆಂಪಾಗಿತ್ತು. "ಆ ತುಕ್ಕು ಹಿಡಿದ ಡಬ್ಬಕ್ಕೆ ಯಾರಾದರೂ ಎರಡು ವರ್ಷ ಮುನಿಸ್ಕೋತಾರಾ? ನನ್ನನ್ನ ಅಷ್ಟು ಸಣ್ಣವಳು ಅಂದ್ಕೊಂಡ್ರಾ? ನನಗೆ ಇರೋದು ಆ ಎರಡು ಚುಕ್ಕೆ. ದಿನಕ್ಕೆ ಎಂಬತ್ತು ಸ್ಲೈಡು ನೋಡ್ತೀನಿ. ಎಪ್ಪತ್ತೊಂಬತ್ತರಲ್ಲಿ ಏನೂ ಇರಲ್ಲ. ಎಂಬತ್ತನೇದರಲ್ಲಿ ಒಬ್ಬರ ಜೀವ ಇರುತ್ತೆ. ಅದನ್ನ ನೀವು ಕೊಳೆ ಅಂದ್ರಿ."

ಕೊಕ್ಕೆ ಅಕ್ಕ ಅವಳತ್ತ ತಿರುಗಿ ಕೂತಳು. 

"ನನ್ನದು ತಪ್ಪು," ಎಂದಳು. "ನಾಳೆ ಆ ಪತ್ರ ಅವರು ತೋರಿಸೋ ಮೊದಲು ಅದು ನಂದೇ ಅಂತ ನಾನೇ ಹೇಳ್ತೀನಿ. ನನ್ನ ಕೆಲಸ ಹೋದರೆ ಹೋಗಲಿ. ನಿಂದು ಉಳೀಬೇಕು."

ನಾದಿನಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಒಂದು ಬಸ್ಸು ಬಂದು, ನಿಂತು, ಹೋಯಿತು. ಆಮೇಲೆ ಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಅತ್ತಿಗೆಯ ಮಡಿಲಲ್ಲಿಟ್ಟಳು.

"ತೆಗೀರಿ. ಅಂಚು ಮಾತ್ರ ಹಿಡ್ಕೊಳ್ಳಿ."

ಒಳಗೆ, ಹತ್ತಿಯ ಮೇಲೆ, ಒಂದು ಗಾಜಿನ ಸ್ಲೈಡು. ತುದಿಯಲ್ಲಿ ನಂಬರು. ೨೧೧೭.

"ಅಯ್ಯೋ! ನೀನು ಕದ್ದೆಯಾ?"

"ಸತ್ತ ಟೀಚರಿನ ಗಂಡ ದೂರು ಹಿಡಿದು ಬಂದ ದಿನವೇ. ನಾನು ಎತ್ತದಿದ್ರೆ ಯಾರೋ ಒಡೆದು ಹಾಕಿರ್ತಿದ್ರು. ಸ್ಲೈಡು ಆಚೆ ತಂದರೆ ಕೆಲಸ ಹೋಗುತ್ತೆ, ಗೊತ್ತು. ಅದಕ್ಕೇ ಯಾರಿಗೂ ಹೇಳಲಿಲ್ಲ. ನಿಮಗಂತೂ ಹೇಳೋ ಮಾತೇ ಇರಲಿಲ್ಲ. ನೀವು ಅವರ ಕಡೆಯೋರು ಅಂದ್ಕೊಂಡಿದ್ದೆ."

"ಅವತ್ತು ಪತ್ರ ನೋಡಿದಾಗ ಈ ಸ್ಲೈಡಿನ ಗತಿ ಏನಾಯ್ತು ಅಂತ ಕೇಳಲಿಲ್ವಾ?"

"ಕೇಳಿದೆ. ರಿಪೋರ್ಟು ಹೋಗಿದೆ, ಆಕೆಗೆ ಚಿಕಿತ್ಸೆ ಶುರುವಾಗಿದೆ, ನಿಶ್ಚಿಂತೆಯಾಗಿರು ಅಂದ್ರು. ನಂಬಿದೆ."

"ಯಾರು ಅಂದಿದ್ದು?"

"ಬೆಣ್ಣೆ ಡಾಕ್ಟರಮ್ಮ. ಇನ್ಯಾರು ನಮ್ಮಂಥೋರ ಹತ್ರ ನಿಂತು ಮಾತಾಡ್ತಾರೆ?"

ಕೊಕ್ಕೆ ಅಕ್ಕ ಸ್ಲೈಡಿನ ಅಂಚು ಹಿಡಿದು ಬಿಸಿಲಿಗೆ ಎತ್ತಿದಳು. ಎಡಕ್ಕೊಂದು ಬಲಕ್ಕೊಂದು, ಸಾಸಿವೆಯಷ್ಟು ಗಾತ್ರದ ಹಸಿರು ಚುಕ್ಕೆ. ಎರಡರ ಮೇಲ್ಗಡೆ, ಸ್ವಲ್ಪ ದೂರದಲ್ಲಿ, ಕೆಂಪು ಗುರುತು.

ಕೆಂಪು. ಅಂದರೆ ಮೇಲಿನವರು ಈ ಸ್ಲೈಡನ್ನು ನೋಡಿದ್ದಾರೆ. ನೋಡಿ, ಹೌದು, ಇದು ಕ್ಯಾನ್ಸರೇ ಎಂದು ಒಪ್ಪಿದ್ದಾರೆ. ಒಪ್ಪಿದ ಮೇಲೂ ಏನೂ ಇಲ್ಲ ಎಂದು ರಿಪೋರ್ಟು ಹೋಗಿದೆ. ಇದು ಕಣ್ತಪ್ಪಲ್ಲ. ಗೊತ್ತಿದ್ದೂ ಮಾಡಿದ್ದು.

"ದೊಡ್ಡ ಡಾಕ್ಟ್ರದೇ ಕೆಂಪು," ಎಂದಳು ನಾದಿನಿ, ಹಲ್ಲು ಕಚ್ಚಿ. "ಅದಕ್ಕೇ ಇಷ್ಟು ದಿನ ಬಚ್ಚಿಟ್ಟಿದ್ದು."

ಅಲ್ಲ. ದೊಡ್ಡ ಡಾಕ್ಟರು ಆ ಹದಿನೈದು ದಿನ ದೇಶದಲ್ಲೇ ಇರಲಿಲ್ಲ. ಕೆಂಪು ಇಂಕು ಡಾಕ್ಟರಿಗಲ್ಲ, ಕುರ್ಚಿಗೆ. ಆ ಕುರ್ಚಿಯಲ್ಲಿ ಆಗ ಯಾರೋ ಕೂತಿದ್ದರು.

ಕೊಕ್ಕೆ ಅಕ್ಕ ಸ್ಲೈಡನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದಳು. ಆ ಕೆಂಪು ಗುರುತು ಚುಕ್ಕೆಯಾಗಿರಲಿಲ್ಲ. ನಡುವೆ ಖಾಲಿ ಬಿಟ್ಟು ಸುತ್ತಿದ, ಪುಟ್ಟದೊಂದು ಸೊನ್ನೆಯಾಗಿತ್ತು.

ಅವಳ ಕೈ ತಾನಾಗಿಯೇ ಪರ್ಸಿಗೆ ಹೋಯಿತು. ರಸೀತಿಯನ್ನು ತೊಡೆಯ ಮೇಲೆ ಬಿಚ್ಚಿದಳು. ಸಹಿ. ಸಹಿಯ ಬಾಲಕ್ಕೆ ಸೊನ್ನೆ. ಮೇಲ್ಗಡೆ ಒಂದಿಷ್ಟು ಬಾಯಿ ಬಿಟ್ಟುಕೊಂಡು, ಎಡಕ್ಕೆ ವಾಲಿದ ಅದೇ ಸೊನ್ನೆ.

ನಾಳೆ ಹತ್ತಕ್ಕೆ ನ್ಯಾಯ ಹೇಳುವವಳದ್ದು.

"ಸ್ಲೈಡೊಂದರಿಂದ ಏನೂ ಆಗಲ್ಲ," ಎನ್ನುತ್ತಿದ್ದಳು ನಾದಿನಿ. "ಕದ್ದು ಮನೇಲಿ ಕೂತು ಚುಕ್ಕೆ ಇಟ್ಕೊಂಡೆ ಅಂತಾರೆ. ಅವತ್ತೇ ಇಟ್ಟಿದ್ದು ಅಂತ ಹೇಳೋದು ನನ್ನ ಪುಸ್ತಕ ಒಂದೇ." ಆಮೇಲೆ ಎರಡು ವರ್ಷದಲ್ಲಿ ಮೊದಲ ಸಲ ಆ ಕರೆ ಅವಳ ಬಾಯಿಂದ ಬಂತು. "ಅತ್ತಿಗೆ, ಪುಸ್ತಕ ಎಲ್ಲಿದೆ?"

ಕೊಕ್ಕೆ ಅಕ್ಕ ಉತ್ತರ ಹೇಳಲು ಬಾಯಿ ತೆರೆದಳು. ಆಗಲೇ ಬೆಂಚಿನ ಹಿಂದೆ ಚಪ್ಪಲಿಯ ಸದ್ದು ನಿಂತಿತು.

"ಇನ್ನೂ ಇಲ್ಲೇ ಇದೀರಾ ಅಕ್ಕ?" ಎಂದಿತು ಬೆಣ್ಣೆಯಂಥ ದನಿ. "ಕೈಯಲ್ಲಿ ಏನದು, ಬಿಸಿಲಿಗೆ ಹಿಡಿದು ನೋಡ್ತಿದೀರಲ್ಲ?"